ಡಬ್ಬ ಹಿಡಿದವಳು

ಮಗಳು ಹಳೆಯ ಬಿಲ್ಲುಗಳನ್ನು ಉದ್ದುದ್ದ ಹರಿದು, ವ್ಯಾನಿನ ಬಾನೆಟ್ಟಿನ ಮೇಲಿಟ್ಟು ಹೆಸರು ಬರೆಯತೊಡಗಿದ್ದೇ ತಡ, ಸುತ್ತ ನಿಂತು ಕಿತ್ತಾಡುತ್ತಿದ್ದ ಡ್ರೈವರುಗಳು ತಣ್ಣಗಾದರು. ಏನು ನಡೆಯಲಿದೆ ಎಂದು ಅವರಿಗೆ ಗೊತ್ತಿತ್ತು. ಅವಳ ಸೋದರಮಾವನಿಗೂ ಗೊತ್ತಿತ್ತು, ಅದಕ್ಕೇ ಅವರು ಒಳಗಿಂದ ಧಾವಿಸಿ ಬಂದರು.

"ಏನು ಮಾಡ್ತಿದ್ದೀಯ ನೀನು?"

"ಚೀಟಿ ಬರೀತಿದ್ದೀನಿ ಮಾವ."

"ಒಳಗೆ ನಿಮ್ಮಮ್ಮನ ಹೆಣ ಇದೆ ಕಣೇ."

"ಅವಳನ್ನ ಸ್ಮಶಾನಕ್ಕೆ ಯಾರು ಕರ್ಕೊಂಡು ಹೋಗ್ಬೇಕು ಅಂತಾನೇ ಬರೀತಿರೋದು."

ಪಾರ್ಸಲ್ ಸಾಗಿಸುವ ವ್ಯಾನುಗಳ ಈ ಶೆಡ್ಡನ್ನು ಕಟ್ಟಿ ನಡೆಸಿದವಳು ಅವಳಮ್ಮ. ಡ್ರೈವರುಗಳಿಗೆಲ್ಲ ಅಕ್ಕ. ಬೆಳಗಿನಿಂದ ಅವರದು ಒಂದೇ ಜಗಳ: ಅಕ್ಕನ ಕೊನೆಯ ಟ್ರಿಪ್ಪು ನನ್ನದು, ನನ್ನದು. ದೊಡ್ಡ ಡ್ರೈವರು ಎಲ್ಲರಿಗಿಂತ ಹಳಬ. ಹಾರ್ನ್ ಎಂಬ ಅಡ್ಡಹೆಸರಿನವನು ಅವಳನ್ನು ತಿಂಗಳುಗಟ್ಟಲೆ ಆಸ್ಪತ್ರೆಗೆ ಕರೆದೊಯ್ದು ತಂದವನು. ಎಲ್ಲರೂ ಸಾಧು ಎಂದು ಕರೆಯುವ ಮಹಾ ಜಗಳಗಂಟನಿಗೆ ಬೇರೆ ಯಾರೂ ಕೆಲಸ ಕೊಡದಿದ್ದಾಗ ಅವಳು ಕೊಟ್ಟಿದ್ದಳು. ಒಬ್ಬೊಬ್ಬನ ಕಾರಣವೂ ನ್ಯಾಯವಾದದ್ದೇ. ತಾಪತ್ರಯವಿದ್ದದ್ದೇ ಅಲ್ಲಿ.

ಮಾವ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಮಾತನ್ನು ಅಳೆದು ತೂಗಿ ಆಡುವುದು ಅವರ ಅಭ್ಯಾಸ.

"ಹಿರಿಯರು ಓಡಿಸ್ಲಿ. ಅದಕ್ಕೊಂದು ಅರ್ಥ ಇದೆ. ಚೀಟಿ ಎತ್ತೋದು ಅಂದ್ರೆ ಬುದ್ಧಿಗೆ ರಜಾ ಕೊಟ್ಟ ಹಾಗೆ" ಎಂದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. "ಚೀಟಿಯಿಂದಲೇ ನಿಮ್ಮಪ್ಪ ಹೋಗಿದ್ದು. ಸ್ಮಶಾನದಲ್ಲಿ ನಾನು ಎರಡು ಮಾತಾಡ್ತೀನಿ. ಆ ಒಂದು ಬೆಳಗ್ಗೆ ಮಾಡಿದ್ದಕ್ಕೆ ಅಕ್ಕ ಜೀವನಪೂರ್ತಿ ಪಶ್ಚಾತ್ತಾಪ ಪಟ್ಟಳು ಅಂತ ಹೇಳ್ತೀನಿ. ಜನ ಇನ್ನಾದ್ರೂ ಕ್ಷಮಿಸ್ಲಿ."

"ಹೇಳ್ಬೇಡಿ ಮಾವ. ಅವಳು ಪಟ್ಟಿಲ್ಲ."

* * *

ಆಗ ಮಗಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಜಡೆ ಹಾಕಿಸಿಕೊಳ್ಳಲು ಅಮ್ಮನಿಗಾಗಿ ಕಾಯುತ್ತಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಮೊದಲೆಲ್ಲ ಯಾರು ಎಲ್ಲಿಗೆ ಹೋಗಬೇಕೆಂದು ಅಮ್ಮ ಯೋಚಿಸಿ ಹೇಳುತ್ತಿದ್ದಳು. ಎಷ್ಟು ಯೋಚಿಸಿದರೂ ಬಾಯಿ ಜೋರಿದ್ದವನಿಗೆ ಹತ್ತಿರದ ಟ್ರಿಪ್ಪು, ಬಾಯಿಲ್ಲದವನಿಗೆ ಬೆಟ್ಟದ ರಸ್ತೆ ಎಂದೇ ಆಗುತ್ತಿತ್ತು. ಅದಕ್ಕೆ ಬಿಸ್ಕತ್ತಿನ ಡಬ್ಬ ಬಂತು, ಡಬ್ಬದೊಳಗೆ ಎಲ್ಲರ ಹೆಸರೂ ಬಂತು. ಅಪ್ಪನೂ ಡ್ರೈವರೇ, ಅವನ ಹೆಸರೂ ಇತ್ತು.

ಆ ಬೆಳಗ್ಗೆ ಬೆಟ್ಟಕ್ಕೆ ಅಪ್ಪನ ಚೀಟಿ ಬಂತು.

"ವಾಪಸ್ ಹಾಕಿ ಅಕ್ಕ, ಇನ್ನೊಂದು ಎತ್ತಿ" ಎಂದ ದೊಡ್ಡ ಡ್ರೈವರು. ಉಳಿದವರೂ ಹೂಂಗುಟ್ಟಿದರು.

"ನಿನ್ನ ಹೆಸರು ಬಂದಿದ್ರೆ ವಾಪಸ್ ಹಾಕು ಅಂತಿದ್ಯಾ?"

ಅಪ್ಪ ನಕ್ಕು, "ನನಗೇನು ಬೆಟ್ಟ ಹೊಸದಾ?" ಎಂದು ಕೀ ತೆಗೆದುಕೊಂಡ. ಮಧ್ಯಾಹ್ನ ಬಂಡೆಯೊಂದು ಉರುಳಿ ಬಿತ್ತು. ಅವನ ಮುಂದಿದ್ದ ಬಸ್ಸಿಗೂ ಹಿಂದಿದ್ದ ಲಾರಿಗೂ ಏನೂ ಆಗಲಿಲ್ಲ.

ಗಂಡನನ್ನು ತಿಂದುಕೊಂಡವಳು ಎಂದರು ಜನ. ಮಾವ ಅಷ್ಟು ಒರಟರಲ್ಲ. ಹೆಸರು ಹೇಳದೆ ಅದನ್ನೇ ಉದಾಹರಣೆ ಮಾಡಿಕೊಂಡು, ಮನುಷ್ಯ ತನ್ನ ಹೊಣೆಯನ್ನು ಆಕಸ್ಮಿಕದ ಕೈಗೆ ಕೊಡಬಹುದೇ ಎಂದು ವರ್ಷಾವರ್ಷ ತರಗತಿಯಲ್ಲಿ ಚರ್ಚೆಗೆ ಇಟ್ಟರು. ಮಗಳೂ ಬಹಳ ಕಾಲ ಅಮ್ಮನೊಡನೆ ನೆಟ್ಟಗೆ ಮಾತಾಡಲಿಲ್ಲ. ದೊಡ್ಡವಳಾದ ಮೇಲೊಮ್ಮೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟಳು.

"ಅಪ್ಪನ್ನ ಕೊಂದಿದ್ದು ಬಂಡೆನೋ ಚೀಟಿನೋ?"

ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಬಂಡೆ ಯಾರನ್ನೂ ಕೇಳಿ ಬೀಳಲ್ಲ. ಚೀಟಿ ಮೇಲೂ ನಾನು ಹೊಣೆ ಹಾಕಲ್ಲ. ಡಬ್ಬ ಹಿಡಿದಿದ್ದು ನಾನು. ಅವರಿಲ್ಲ ಅಂತ ದಿನಾ ಅಳ್ತೀನಿ. ಅವತ್ತು ಮಾಡಿದ್ದು ತಪ್ಪು ಅಂತ ಮಾತ್ರ ಹೇಳಲ್ಲ. ವಾಪಸ್ ಹಾಕಿದ್ರೆ ಇವತ್ತು ಬೇರೆ ಯಾರದೋ ಮಗಳು ಬಂದು ಹೀಗೆ ಕೇಳ್ತಿದ್ಲು. ಅವಳಿಗೆ ನಾನೇನು ಹೇಳ್ಲಿ?"

* * *

ಇದಷ್ಟನ್ನೂ ಮಗಳು ಮಾವನಿಗೆ ಡ್ರೈವರುಗಳೆದುರೇ ಹೇಳಿದಳು. "ಕಾಲೇಜಿನ ಹುಡುಗರನ್ನೆಲ್ಲ ಕೇಳಿದ್ರಿ ನೀವು. ಅವಳನ್ನ ಒಂದು ಸಲ ಕೇಳಿದ್ರಾ?"

ಮಾವನ ಮುಖ ಕೆಂಪಾಯಿತು. ಕೇಳಿರಲಿಲ್ಲ. ಆದರೆ ಅವರೂ ಅಕ್ಕನ ತಮ್ಮನೇ ತಾನೆ, ಅಷ್ಟಕ್ಕೆ ಸೋಲುವವರಲ್ಲ.

"ಸರಿ. ನನ್ನ ಹೆಸರೂ ಬರಿ. ನನಗೂ ಲೈಸೆನ್ಸ್ ಇದೆ. ನನ್ನ ಚೀಟಿ ಬಂದ್ರೆ ವಾಪಸ್ ಹಾಕ್ತೀಯೋ ಇಲ್ವೋ, ನಾನೂ ನೋಡ್ತೀನಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಮಾವ ಕಾರು ಹಿಂದಕ್ಕೆ ತೆಗೆಯಬೇಕಾದರೆ ಬೀದಿಯವರೆಲ್ಲ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಮಗಳು ನಗದೆ ಇನ್ನೊಂದು ಚೀಟಿ ಬರೆದು, ಎಲ್ಲವನ್ನೂ ಮಡಚಿ, ಅದೇ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಕುಲುಕಿದಳು. ಕಣ್ಣು ಮುಚ್ಚಿ ಒಂದನ್ನು ಎತ್ತಿದಳು.

ಬಂದದ್ದು ಮಾವನದೇ.

"ವಾಪಸ್ ಹಾಕಿ ತಂಗಿ" ಎಂದ ಸಾಧು. "ಸಾರ್ ಮೇಲೆ ಗೌರವ ಇದೆ. ಆದ್ರೆ ಅಕ್ಕನ್ನ ಚರಂಡಿಗೆ ಇಳಿಸಿಬಿಡ್ತಾರೆ."

ಮಾವನೂ ಕೈ ಆಡಿಸಿದರು. "ಬಿಡು, ನಾನು ವಾದಕ್ಕೆ ಹೇಳಿದ್ದು."

ಅವಳಿಗೂ ಭಯವೇ. ದೊಡ್ಡ ಡ್ರೈವರನ ಹೆಸರು ಬರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದಳು. ಶೆಡ್ಡಿನಿಂದ ಕೆಳಕ್ಕೆ ಇಳಿಜಾರು, ಆಮೇಲೆ ಮುಖ್ಯರಸ್ತೆ, ಹಿಂದೆ ಅಮ್ಮ ಮಲಗಿರುತ್ತಾಳೆ. ಏನಾದರೂ ಹೆಚ್ಚುಕಮ್ಮಿಯಾದರೆ ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ, ತಾಯಿಗೆ ತಕ್ಕ ಮಗಳು ಎನ್ನುತ್ತದೆ. ಚೀಟಿ ಇನ್ನೂ ಅವಳ ಕೈಯಲ್ಲೇ ಇತ್ತು. ಆ ಬೆಳಗ್ಗೆ ಅಮ್ಮನಿಗೆ ಹೇಗಾಗಿತ್ತೆಂಬುದು ಅವಳಿಗೆ ಈಗ ತಿಳಿಯಿತು.

"ಅಮ್ಮ ವಾದಕ್ಕೆ ಚೀಟಿ ಎತ್ತುತ್ತಿರ್ಲಿಲ್ಲ ಮಾವ. ಕೀ ತಗೊಳ್ಳಿ."

ಮಾವ ಅವಳನ್ನೇ ನೋಡಿದರು. ಬೇಡವೆಂದು ಒಳಗೆ ಹೋಗಿಬಿಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಕೈ ಚಾಚಿದರು.

"ಪಶ್ಚಾತ್ತಾಪದ ಮಾತು ಅಲ್ಲಿ ಆಡಲ್ಲ. ಆದ್ರೆ ನಾನು ಒಪ್ಪಿದೆ ಅಂದ್ಕೋಬೇಡ."

"ಒಪ್ಪಬೇಡಿ. ಓಡಿಸಿ."

ಅಮ್ಮನನ್ನು ಎಲ್ಲರೂ ಸೇರಿ ವ್ಯಾನಿನೊಳಗೆ ಮಲಗಿಸಿದರು. ಮಗಳು ಮುಂದೆ, ಮಾವನ ಪಕ್ಕದಲ್ಲಿ ಕೂತಳು. ವ್ಯಾನು ಗೇಟಿನಲ್ಲೇ ಮುಗ್ಗರಿಸಿ ನಿಂತಿತು. ಮತ್ತೆ ಸ್ಟಾರ್ಟಾಗಿ, ಮತ್ತೆ ನಿಂತಿತು. ಮಾವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಕ್ಲಚ್ಚು ನಿಧಾನಕ್ಕೆ ಬಿಡಿ ಮಾವ."

"ಗೊತ್ತು."

ತಮ್ಮ ತಮ್ಮ ವ್ಯಾನುಗಳಲ್ಲಿ ಹಿಂಬಾಲಿಸಲು ಹತ್ತಿ ಕೂತಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಕೆಳಗಿಳಿದು ಬಂದರು. ಇಂಜಿನ್ನು ಮೂರನೆಯ ಸಲ ಗುರುಗುಟ್ಟಿತು. ಫಸ್ಟ್ ಗೇರಿನಲ್ಲೇ ಅರಚಿಕೊಳ್ಳುತ್ತಾ ವ್ಯಾನು ಇಳಿಜಾರಿಗೆ ಇಳಿಯಿತು. ಎರಡೂ ಬದಿಗೆ ಅವರೆಲ್ಲ ಅದರ ತಗಡಿನ ಮೈಮೇಲೆ ಅಂಗೈ ಒತ್ತಿ ಹಿಡಿದು, ಸಾಲಾಗಿ ನಡೆಯುತ್ತಾ ಹೋದರು.