ಹಗೇವಿನ ಬಾಯಿ

ಆಂಜಿನಪ್ಪ ನನ್ನ ಗಂಡನ ಅಣ್ಣ. ಭಾವ, ಅವರು, ಇವರು ಅಂತ ಮರ್ಯಾದೆ ಕೊಟ್ಟು ಮಾತಾಡಬೇಕು, ಆದ್ರೆ ನನ್ನ ನಾಲಗೆ ಹೊರಳಲ್ಲ.

ಸಾಸಲು ಕಡೆ ನಮ್ಮೂರಲ್ಲಿ ರಾಗಿನ ಹಗೇವಲ್ಲಿ ತುಂಬಿಡ್ತಿದ್ರು. ಎರಡಾಳು ಆಳದ ಗುಂಡಿ, ಒಬ್ಬ ತೂರೋಷ್ಟು ಬಾಯಿ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ರೆ ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ. ಆದ್ರೆ ಒಳಗೆ ಗಾಳಿ ಕೆಟ್ಟಿರ್ತದೆ. ನಮ್ಮ ಮಾವ ಇದ್ದಾಗ ಇವತ್ತು ಚಪ್ಪಡಿ ತೆಗೆದ್ರೆ ನಾಳೆ ಇಳಿಯೋದು, ಅದೂ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಆರದೆ ಉರಿದ್ರೆ ಮಾತ್ರ. ಮಾವ ಹೋದ ಮೇಲೆ ಬೆಳಿಗ್ಗೆ ತೆಗೆದು ಸಂಜೆಗೇ ಇಳಿಯೋದಾಯ್ತು. ಆಮೇಲೆ ದೀಪಾನೂ ಬಿಟ್ರು. ಕೊನೆಕೊನೆಗೆ ಆಂಜಿನಪ್ಪ ಚಪ್ಪಡಿ ಸರಿಸಿ, ಪಕ್ಕದಲ್ಲೇ ಕೂತು ಒಂದು ಬೀಡಿ ಸೇದೋನು. ಬೀಡಿ ಮುಗೀತು ಅಂದ್ರೆ ಗಾಳಿ ಸರಿಹೋಯ್ತು ಅಂತ ಅವನ ಲೆಕ್ಕ. ಎಷ್ಟೋ ವರ್ಷ ಏನೂ ಆಗಲಿಲ್ಲ. ಅದೇ ನಮ್ಮನ್ನ ಹಾಳು ಮಾಡಿದ್ದು.

ಎಪ್ಪತ್ತೈದನೇ ಇಸವೀಲಿ ಮಳೆ ಜಾಸ್ತಿಯಾಗಿ ನೆಲವೆಲ್ಲ ತೇವ ಹಿಡಿದಿತ್ತು. ಆಂಜಿನಪ್ಪನ ಮಗಳನ್ನ ನೋಡೋಕೆ ಸೂಲಿಬೆಲೆಯಿಂದ ಗಂಡಿನ ಕಡೆಯೋರು ಬಂದ್ರು. ಬಂದೋರಿಗೆ ಇನ್ನೂ ಅರ್ಧ ತುಂಬಿರೋ ಹಗೇವು ತೋರಿಸಬೇಕು ಅಂತ ಇವನಿಗೆ ಚಪಲ. ಚಪ್ಪಡಿ ಸರಿಸಿದ ತಕ್ಷಣ ಬಿಸಿ ಆವಿ, ಹುಳಿತ ಗಬ್ಬು ವಾಸನೆ. ಭಾವ, ಇವತ್ತು ಬೇಡ ಅಂದೆ. ಅವನು ಬೀಡಿ ಹಚ್ಚಿ, ನೆಂಟರ ಕಡೆ ನೋಡಿ ನಕ್ಕ. ಹಳೇ ರಾಗಿ ವಾಸನೆ ಹಿಂಗೇ ಇರೋದು, ಹೆಂಗಸರಿಗೇನು ಗೊತ್ತು ಅಂದ. ನಾನು ಇನ್ನೊಂದು ಸಲ ಹೇಳಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಇಷ್ಟು ವರ್ಷ ಆಗದೆ ಇದ್ದಿದ್ದು ಇವತ್ತೇನಾಗ್ತದೆ ಅಂತ ನನಗೂ ಅನ್ನಿಸ್ತು. ಥೂ ನನ್ನ ಬುದ್ಧಿಗಿಷ್ಟು.

ಒಂದು ಬುಟ್ಟಿ ರಾಗಿ ತುಂಬ್ಕೊಂಡು ಬಾ ಅಂತ ಅಣ್ಣ ಹೇಳಿದ್ದಕ್ಕೆ ನಮ್ಮನೆಯೋರು ಪಂಚೆ ಎತ್ತಿಕಟ್ಟಿ ಇಳಿದ್ರು. ತಲೆ ಮರೆಯಾಯ್ತು. ಧಪ್ ಅಂತ ಒಂದು ಸದ್ದು, ಅಷ್ಟೇ.

"ಏನೋ ಆವಲಪ್ಪ, ಒಳಗೇ ಮಲಗಿಬಿಟ್ಯೇನೋ?" ಅಂತ ತಮಾಷೆ ಮಾಡಿದ ಆಂಜಿನಪ್ಪ. ನೆಂಟರೂ ನಕ್ರು. ಬೀಡಿಯ ಕೊನೇ ದಮ್ಮು ಎಳೆದು, ಬಿಸಾಕಿ, ಆಮೇಲೆ ಬಗ್ಗಿ ನೋಡಿದ. ಇಳಿಯೋಕೆ ಯಾರಿಗೂ ಧೈರ್ಯ ಬರಲಿಲ್ಲ. ನಾನು ನುಗ್ಗಿದ್ರೆ ಹಿಡ್ಕೊಂಡ್ರು. ಪಕ್ಕದ ಮನೆ ದೊಡ್ಡಬೀರಪ್ಪ ಓಡಿಹೋಗಿ, ಬಾವಿಗೆ ಬಿದ್ದ ಬಿಂದಿಗೆ ತೆಗೆಯೋ ಪಾತಾಳಗರಡಿ ತಂದು ಇಳಿಬಿಟ್ಟ. ಅದರ ಕೊಕ್ಕೆ ಭುಜಕ್ಕೆ ಕಚ್ಚಿ ನಮ್ಮನೆಯೋರು ಮೇಲೆ ಬಂದ್ರು. ಬಾಯಿ ತುಂಬ ರಾಗಿ. ಉಸಿರಿರಲಿಲ್ಲ.

ಹಣೇಲಿ ಬರೆದಿದ್ದು ಅಂದ್ರು ಎಲ್ಲಾ. ಎಲ್ಲರಿಗಿಂತ ಜೋರಾಗಿ ಅತ್ತು ಹಂಗೆ ಅಂದೋನು ಅವನೇ. ತಿಥಿಗೂ ಅದೇ ಹಗೇವಿನ ರಾಗಿ. ಬಂದೋರೆಲ್ಲ ಮುದ್ದೆ ಮುರಿದು ಉಂಡ್ರು, ರಾಗಿ ಚೆನ್ನಾಗಿದೆ ಅಂತ ಹೊಗಳಿ ಇನ್ನೊಂದು ಇಕ್ಕಿಸ್ಕೊಂಡ್ರು.

ತಿಥಿ ಆದ ಮೇಲೆ ಮತ್ತೆ ಮುಚ್ಚಿ ಮಣ್ಣು ಮೆತ್ತಿದ್ರು. ಮುಂದಿನ ಯುಗಾದಿ ಹೊತ್ತಿಗೆ ಮನೇಲಿ ರಾಗಿ ಮುಗೀತು. ಆಂಜಿನಪ್ಪ ಚಪ್ಪಡಿ ಸರಿಸಿ ಅದೇ ಜಾಗದಲ್ಲಿ ಕೂತು ಬೀಡಿ ಹಚ್ಚಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಬೇಡ ಅನ್ನೋ ಮಾತು ಬಾಯಿಗೆ ಬಂತು. ನುಂಗ್ಕೊಂಡೆ. ಅವನು ಇಳಿದ. ನಾನು ಆ ತೂತನ್ನೇ ನೋಡ್ತಾ ನಿಂತೆ. ಧಪ್ ಅನ್ನೋ ಸದ್ದಿಗೆ ಕಾಯ್ತಿದ್ದೆ, ದೇವರಾಣೆ ಕಾಯ್ತಿದ್ದೆ.

ಬುಟ್ಟಿ ತುಂಬ್ಕೊಂಡು ಮೇಲೆ ಬಂದ, ಮೀಸೆ ಮೇಲಿನ ಧೂಳು ಒರೆಸ್ಕೊಂಡ.

"ನೋಡಿದ್ಯೇನಮ್ಮ, ನನಗೇನಾಯ್ತು? ಅವನ ಆಯಸ್ಸೇ ಅಷ್ಟಿತ್ತು."

ಜಗಲಿ ಮೇಲೆ ಕೂತಿದ್ದೋರು ಹೌದೌದು ಅಂತ ತಲೆ ಆಡಿಸಿದ್ರು. ಇವನು ಬದುಕಿ ಬಂದನಲ್ಲ ಅಂತ ನನಗೆ ಅಳು ಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯ್ತು. ಬುಟ್ಟಿ ಇಸ್ಕೊಂಡು ಒಳಕ್ಕೆ ಹೋಗಿ ಬೀಸೋಕೆ ಕೂತೆ.