ಏಳು ದಿನದೊಳಗೆ

ಸೇನಾ ಕಚೇರಿಯಲ್ಲಿ ಅವನನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ಸೇನೆಯ ಒಂದೊಂದು ಕಂಪ್ಯೂಟರ್ ವ್ಯವಸ್ಥೆಯನ್ನೂ ಸೋಸಿ ದರ್ಜೆ ಕೊಡುವುದು ಅವನ ಕೆಲಸ. ಇದು ಕೆಟ್ಟರೆ ಯುದ್ಧ ನಿಲ್ಲುತ್ತದೆಯೇ? ನಿಲ್ಲುವುದಾದರೆ ಮೊದಲ ದರ್ಜೆ, ಗಂಟೆಯೊಳಗೆ ರಿಪೇರಿ. ಬರೀ ತೊಡಕಾಗುವುದಾದರೆ ಎರಡನೆಯದು, ಒಂದು ದಿನ. ಉಳಿದದ್ದೆಲ್ಲ ಮೂರನೆಯದು, ಏಳು ದಿನದೊಳಗೆ. ಪಕ್ಕದ ಕಾಲಂನಲ್ಲಿ ಗುಟ್ಟು ಎಷ್ಟೆಂದು ಬರೆಯಬೇಕು. ಅಳೆದು ತೂಗಿ ಬರೆಯುವುದರಲ್ಲಿ ಆಸಾಮಿ ಎತ್ತಿದ ಕೈ.

ಸೈನಿಕರ ಮನೆಯವರ ವಿಳಾಸದ ಪಟ್ಟಿಗೆ ಮಾತ್ರ ಅರ್ಧ ನಿಮಿಷವನ್ನೂ ಕೊಡಲಿಲ್ಲ. ವಿಳಾಸವಿಲ್ಲದಿದ್ದರೆ ತೋಪು ಹಾರುವುದಿಲ್ಲವೇ? ಮೂರನೇ ದರ್ಜೆ. ಆದರೆ ಹೆಂಡತಿ ಮಕ್ಕಳ ಸುಳಿವು ಶತ್ರುವಿಗೆ ಸಿಗಬಾರದು, ಹಾಗಾಗಿ ಪರಮ ಗುಟ್ಟು. ಬೇರೆಲ್ಲೂ ನಕಲು ಇಡಕೂಡದು. ಎರಡು ಉತ್ತರಗಳೂ ಸರಿಯಾಗಿಯೇ ಇದ್ದವು. ಹಾಳಾದದ್ದು, ಅದೇ ಸಂಕಟ.

ಅವನ ಭಾವ, ಅಕ್ಕನ ಗಂಡ, ಗಡಿಯಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದ. ಒಂದು ಭಾನುವಾರ ಆ ಪಟ್ಟಿಯಿದ್ದ ಯಂತ್ರ ಸುಟ್ಟಿತು. ಮಂಗಳವಾರ ಭಾವನ ಲಾರಿ ನೆಲಬಾಂಬಿನ ಮೇಲೆ ಹತ್ತಿತು. ಸೇನೆಗೆ ಸೇರುವಾಗ ಬರೆಸಿದ್ದ ಹಳೆಯ ಕಡತದ ವಿಳಾಸ ಹಿಡಿದು ಸಾವಿನ ಸುದ್ದಿ ಹೇಳಲು ಹೋದವರಿಗೆ ಸಿಕ್ಕಿದ್ದು ಬೀಗ. ಅಕ್ಕ ಮನೆ ಬದಲಿಸಿ ವರ್ಷವಾಗಿತ್ತು. ಅವಳು ಮರೆಯದೆ ಬರೆಸಿದ್ದ ಹೊಸ ವಿಳಾಸ, ಫೋನ್ ನಂಬರ್ ಎರಡೂ ಆ ಸುಟ್ಟ ಯಂತ್ರದಲ್ಲೇ ಇದ್ದವು. ಮೂರು ದಿನ ಕಾದು, ಶಿಬಿರದ ಪಕ್ಕದಲ್ಲೇ ಭಾವನನ್ನು ಮಣ್ಣು ಮಾಡಿದರು. ಯಂತ್ರ ಏಳನೇ ದಿನ ಎದ್ದಿತು, ನಿಯಮದ ಪ್ರಕಾರವೇ. ಮರುದಿನ ಅಕ್ಕನ ಬಾಗಿಲು ತಟ್ಟಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ತಮ್ಮ, ಉಂಡವಳು ಅಕ್ಕ.

ಜರಡಿ ಓಡಿಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತ ತಮ್ಮನ ಬಲಗೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಮುಖಾನೂ ನೋಡಕ್ಕಾಗ್ಲಿಲ್ಲ ಕಣೋ. ಏನೋ ಕಂಪ್ಯೂಟರ್ ಕೆಟ್ಟಿತ್ತಂತೆ, ರಿಪೇರಿಗೆ ಏಳು ದಿನ ಟೈಮ್ ಇರತ್ತಂತೆ. ಯಾವನೋ ಅದನ್ನ ಬರ್ದೋನು? ಅವನ ಕೈ ಸೇದೋಗ!"

ತಮ್ಮನ ಕೆಲಸ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ಅವನಿಗೆ ಅನುಮತಿಯೂ ಇರಲಿಲ್ಲ. ಜೊತೆಗೆ ಕೂತು ಅತ್ತು ಎದ್ದು ಬಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಅವಳು ಸಮಾಧಾನಕ್ಕೆಂದು ಆ ಕೈಯನ್ನೇ ಕೆನ್ನೆಗೊತ್ತಿಕೊಂಡಳು.

"ನಾನೇ ಅಕ್ಕ. ನಾನೇ ಬರ್ದಿದ್ದು."

ಅಕ್ಕ ಆ ಕೈಯನ್ನು ಕೆನ್ನೆಯಿಂದ ಇಳಿಸಿದಳು.

"ಬರೆಯೋವಾಗ ನಾನು ನೆನಪಾಗ್ಲಿಲ್ವೇನೋ?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ ಅಕ್ಕ."

ಅಕ್ಕ ಅವನ ಕೈಯನ್ನು ಮೆಲ್ಲಗೆ ಅವನ ಮಡಿಲಲ್ಲಿಟ್ಟು, ಗೋಡೆಯ ಕಡೆ ತಿರುಗಿ ಕೂತಳು.