ಒಂದನೇ ತಾರೀಖಿನ ಗುಡ್ಡ

ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ವಯಸ್ಸಾದವರೇ ಹೆಚ್ಚು. ಮಂಚದಿಂದ ಇಳಿಯುವಾಗಲೋ ಬಚ್ಚಲಿಗೆ ಹೋಗುವಾಗಲೋ ಯಾರಾದರೂ ಬಿದ್ದರೆ ದಾಖಲಿಸಲೇಬೇಕು. ಆ ದಾಖಲೆಗಳನ್ನೆಲ್ಲ ರಿಪೋರ್ಟ್ ಮಾಡುವವಳನ್ನು ನರ್ಸುಗಳು ‘ಲೆಕ್ಕದಮ್ಮ’ ಎನ್ನುತ್ತಿದ್ದರು. ಎಕ್ಸ್‌ರೇ ವಿಭಾಗದ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಮೇಜು.

ಒಂದೊಂದೇ ದಿನದ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಇವತ್ತು ಸೊನ್ನೆ, ನಾಳೆ ಎರಡು. ಅದಕ್ಕೇ ಅವಳು ಪ್ರತಿ ದಿನಕ್ಕೂ ಅದರ ಹಿಂದಿನ ಆರು ದಿನ ಸೇರಿಸಿ, ಏಳು ದಿನದ ಸರಾಸರಿ ತೆಗೆದು ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆದಿದ್ದಳು. ವಾರ್ಡ್ ಆರಿಸಿದರೆ ಆ ವಾರ್ಡಿನದು, ತಿಂಗಳು ಆರಿಸಿದರೆ ಆ ತಿಂಗಳಿನದು. ಫಿಲ್ಟರ್ ಒತ್ತಿದ ಕೂಡಲೇ ಗೆರೆ ಬದಲಾಗುತ್ತಿತ್ತು. ಆಸ್ಪತ್ರೆಯ ಅಧಿಕಾರಿ ಮೀಟಿಂಗಿನಲ್ಲೇ ಬೆನ್ನು ತಟ್ಟಿದ್ದರು.

ಒಂದು ಬೆಳಿಗ್ಗೆ ಮೂರನೇ ವಾರ್ಡಿನ ದೊಡ್ಡ ಸಿಸ್ಟರ್ ಫೋನ್ ಮಾಡಿದರು.

“ಲೆಕ್ಕದಮ್ಮ, ಈ ತಿಂಗಳು ಮಾತ್ರ ಆರಿಸಿದ್ರೆ ಒಂದನೇ ತಾರೀಖಿಗೆ ದೊಡ್ಡ ಗುಡ್ಡ ಕಾಣುತ್ತೆ. ಹೋದ ತಿಂಗಳನ್ನೂ ಸೇರಿಸಿ ಒತ್ತಿದೆ, ಗುಡ್ಡ ಮಾಯ! ಏನಮ್ಮ ಇದು ಕಣ್ಕಟ್ಟು?”

ಅವಳು ನಗುತ್ತಲೇ ಫೋನಿಟ್ಟು ನೋಡಿದಳು. ನಗು ಅಲ್ಲೇ ನಿಂತಿತು. ಒಂದನೇ ತಾರೀಖು ಇಬ್ಬರು ಬಿದ್ದಿದ್ದರು. ಹಿಂದಿನ ಆರು ದಿನ ಒಬ್ಬರೂ ಬಿದ್ದಿರಲಿಲ್ಲ. ಎರಡನ್ನು ಏಳರಿಂದ ಭಾಗಿಸಬೇಕಿತ್ತು. ತಿಂಗಳ ಫಿಲ್ಟರ್ ಆ ಆರು ದಿನಗಳನ್ನು ಕತ್ತರಿಸಿ ಹಾಕಿದ್ದರಿಂದ ಕಂಪ್ಯೂಟರ್ ಎರಡನ್ನು ಒಂದರಿಂದ ಭಾಗಿಸಿ ಕೂತಿತ್ತು.

ಲೆಕ್ಕವೂ ವಾರ್ಡಿನ ಫಿಲ್ಟರ್ ಹೇಳಿದಂತೆ ಕೇಳಬೇಕು, ಸರಿ. ಆದರೆ ತಿಂಗಳ ಫಿಲ್ಟರ್ ಮಾತನ್ನು ಗೆರೆ ತೋರಿಸುವಾಗಷ್ಟೇ ಕೇಳಿ, ಲೆಕ್ಕ ಹಾಕುವಾಗ ಅದರ ಬೇಲಿಯಾಚೆ, ಹಿಂದಿನ ತಿಂಗಳ ದಿನಗಳಿಗೂ ಇಣುಕಬೇಕು. ತಿದ್ದಲು ಇಪ್ಪತ್ತು ನಿಮಿಷ ಸಾಕಾಯಿತು. ಸಿಸ್ಟರಿಗೆ ತಾನೇ ಫೋನ್ ಮಾಡಿದಳು.

“ಸರಿಹೋಯ್ತು ಸಿಸ್ಟರ್. ತಪ್ಪು ನಂದೇ.”

“ಆ ಗುಡ್ಡ ನೋಡಿಯೇ ನಮ್ಮ ಅತ್ತೆನ ಎತ್ತಂಗಡಿ ಮಾಡಿದ್ದು ಕಣಮ್ಮ. ಅವತ್ತು ಡ್ಯೂಟಿಲಿದ್ದಿದ್ದು ಅವರೇ ಅಂತ.”

ಅತ್ತೆ ಎಂದರೆ ಆ ವಾರ್ಡಿನ ಆಯಾ. ಹತ್ತೊಂಬತ್ತು ವರ್ಷದಿಂದ ರೋಗಿಗಳಿಗೂ ನರ್ಸುಗಳಿಗೂ ಅವರು ಅತ್ತೆಯೇ. ಈಗ ನೆಲಮಾಳಿಗೆಯ ಲಾಂಡ್ರಿಯಲ್ಲಿದ್ದರು.

ಲೆಕ್ಕದಮ್ಮ ‘ತಾಂತ್ರಿಕ ದೋಷ ಸರಿಪಡಿಸಲಾಗಿದೆ’ ಎಂದು ಅಧಿಕಾರಿಗೆ ಮೇಲ್ ಬರೆದಳು, ಓದಿ ಅಳಿಸಿದಳು. ಹಳೆಯ ಗೆರೆ, ಹೊಸ ಗೆರೆ ಎರಡನ್ನೂ ಪ್ರಿಂಟ್ ತೆಗೆದು ಅವರ ಕೋಣೆಗೇ ಹೋದಳು.

“ಸಣ್ಣ ವ್ಯತ್ಯಾಸ ತಾನೇ?” ಎಂದರು ಅಧಿಕಾರಿ.

“ಅದಕ್ಕೆ ಒಬ್ಬರನ್ನ ಕೆಳಗೆ ಕಳಿಸಿದ್ದೀವಿ ಸಾರ್.”

ಅವರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, “ವಾಪಸ್ ಬರೋಕೆ ಹೇಳಿ,” ಎಂದರು.

ಲಾಂಡ್ರಿಯಲ್ಲಿ ಇಸ್ತ್ರಿಯ ಆವಿ ಮುಖಕ್ಕೆ ಹೊಡೆಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ಹೊದಿಕೆ ಮಡಿಸುತ್ತಿದ್ದರು. “ಬಂದಿದ್ದೀಯಲ್ಲ, ಆ ತುದಿ ಹಿಡಿ,” ಎಂದರು. ಅವಳು ತುದಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು.

“ಮೆಷೀನ್ ತಪ್ಪು ಅನ್ನು.”

“ಅಲ್ಲ ಅತ್ತೆ. ನನ್ನ ತಪ್ಪು.”

ಅತ್ತೆ ಮಡಿಕೆಯನ್ನು ಅಂಗೈಯಿಂದ ತೀಡಿದರು. “ಅದಕ್ಕೂ ಮುಂಚೆ ಆರು ದಿನ ಒಬ್ಬರನ್ನೂ ಬೀಳೋಕೆ ಬಿಟ್ಟಿರಲಿಲ್ಲ ನಾನು. ಅದನ್ನ ಯಾರೂ ಕೇಳ್ಲೇ ಇಲ್ಲ ನೋಡು.”

ಅವಳು ತನ್ನ ಕೈಲಿದ್ದ ತುದಿಯನ್ನು ಮಡಿಸಿ ಕೊಡುತ್ತಾ, “ಮೇಲಕ್ಕೆ ಬರ್ತೀರಾ?” ಎಂದಳು.

“ಇಲ್ಲಮ್ಮ. ಇಲ್ಲಿ ಕೂತು ಮಾಡೋ ಕೆಲಸ, ಮಂಡಿ ಸುಖವಾಗಿದೆ. ಆದ್ರೆ ನನ್ನ ತಪ್ಪಿಲ್ಲ ಅಂತ ಬರೆದು ವಾರ್ಡಿನ ಬೋರ್ಡಿಗೆ ಅಂಟಿಸಿ. ಕಳಿಸಿದ್ದು ಎಲ್ಲರ ಎದುರಿಗೆ ತಾನೇ?”

ಮಧ್ಯಾಹ್ನವೇ ಕಾಗದ ಬೋರ್ಡಿಗೆ ಬಂತು. ಅಧಿಕಾರಿಯ ಸಹಿಯ ಕೆಳಗೆ ಲೆಕ್ಕದಮ್ಮನ ಸಹಿಯೂ ಇತ್ತು. ಸಂಜೆ ಡ್ಯೂಟಿ ಮುಗಿಸಿ ಅತ್ತೆ ಮೇಲೆ ಬಂದು, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು.

“ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು,” ಎಂದು ಸಿಸ್ಟರಿಗೆ ಹೇಳಿ, ಒಂದನೇ ಮಂಚದಿಂದ ಶುರುಮಾಡಿ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಹೋದರು.